ಖಾಲಿ ವ್ಯಾನು, ಬೀಗ ಹಾಕಿದ ಕ್ಲಿನಿಕ್ಕು

"ಡಾಕ್ಟ್ರೇ, ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಈ ಊರಿಗೆ ಬಂದ್ರಾ?"

ಕ್ಲಿನಿಕ್ಕಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ವ್ಯಾನ್ ಡ್ರೈವರ್. ಊರಿನ ರೋಗಿಗಳನ್ನು ದೂರದ ದೊಡ್ಡಾಸ್ಪತ್ರೆಗೆ ಒಯ್ಯುವುದೇ ಅವಳ ಕೆಲಸ. ಈ ಡಾಕ್ಟರ್ ಬಂದಮೇಲೆ ಜನ ಕೆಮ್ಮು ಶುರುವಾದ ಕೂಡಲೇ ಇಲ್ಲಿಗೆ ಬರುತ್ತಿದ್ದರು, ವ್ಯಾನು ಬಿಕೋ ಅನ್ನುತ್ತಿತ್ತು.

"ಜನ ಹುಷಾರಾಗಿದ್ರೆ ನಿಮಗೆ ಬೇಜಾರಾ?"

"ನಾಲ್ಕು ದಿನ ಇದ್ದು ಗಂಟುಮೂಟೆ ಕಟ್ಟೋರು ನೀವು! ಹಿಂದಿನವರೆಲ್ಲ ಅದನ್ನೇ ಮಾಡಿದ್ದು. ಹೋಗೋದಾದ್ರೆ ಬೇಗ ಹೋಗಿ!"

ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿಯಿತು... ಅದಕ್ಕೇ ಇನ್ನಷ್ಟು ಸಿಟ್ಟು ಬಂತು! ಅಂದಿನಿಂದ ದಿನಾ ಆ ಬೀದಿಯಲ್ಲೇ ವ್ಯಾನು ಓಡಿಸಿದಳು. ಅದೇನೂ ಹತ್ತಿರದ ದಾರಿಯಲ್ಲ, ಬಿಡಿ.

ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಬೀಗ.

"ಹೋದ ಡಾಕ್ಟ್ರು ಯಾರು ವಾಪಸ್ ಬಂದಿದ್ದಾರೆ?" ಅಂದುಕೊಂಡು ಜನ ಮನೆಗೆ ಹೋದರು. ಅವಳ ಸೋದರತ್ತೆಯೂ ಹೋದಳು. ಬಿಪಿ ಮಾತ್ರೆ ಮುಗಿದಿತ್ತು.

"ದೊಡ್ಡಾಸ್ಪತ್ರೆಗೆ ಹೋಗೋಣ ಬಾ ಅತ್ತೆ."

"ಮಾತ್ರೆಗೋಸ್ಕರ ಅಷ್ಟು ದೂರ ಯಾರು ಹೋಗ್ತಾರೆ? ಗುಂಡುಕಲ್ಲಿನ ಹಾಗಿದ್ದೀನಿ ಕಣೇ!"

ಹೆಚ್ಚು ದಿನ ಆಗಲಿಲ್ಲ. ಅದೇ ಅತ್ತೆ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಮಾತು ತೊದಲುತ್ತಿತ್ತು. ಅವಳು ಹಾರ್ನ್ ಒತ್ತುತ್ತಲೇ ದೊಡ್ಡಾಸ್ಪತ್ರೆಯತ್ತ ವ್ಯಾನು ಓಡಿಸಿದಳು.

'ನಾನೇ ಹೋಗಿ ಅಂದೆ... ನನ್ನ ಬಾಯಿಗೆ ಬೆಂಕಿ ಬೀಳ!'

ಅತ್ತೆ ಉಳಿದಳು. ಅವಳನ್ನು ಮನೆಗೆ ಕರೆತರುವಾಗ ಕ್ಲಿನಿಕ್ಕಿನ ಬಾಗಿಲು ತೆರೆದಿತ್ತು! ಅವನು ಒಬ್ಬ ವಯಸ್ಸಾದ ಹೆಂಗಸಿನ ಜೊತೆ ಪಾತ್ರೆ-ಪಗಡ ಇಳಿಸುತ್ತಿದ್ದ.

"ನಮ್ಮಮ್ಮ," ಅಂದ. "ಇಲ್ಲೇ ಇರೋದು ಅಂತ ತೀರ್ಮಾನ ಮಾಡಿದೆ. ನಮ್ಮೂರಿನ ಮನೆ ಖಾಲಿ ಮಾಡೋಕೆ ಇಷ್ಟು ದಿನ ಹಿಡೀತು."

ಅವಳಿಗೆ ಅಳು ಉಕ್ಕಿ ಬಂತು. "ಒಂದು ಮಾತು ಹೇಳಿ ಹೋಗಬಾರದಿತ್ತಾ? ನಮ್ಮತ್ತೆ..."

ಅವನು ವ್ಯಾನಿಗೆ ಓಡಿದ. ಅತ್ತೆಯ ನಾಡಿ ನೋಡಿ, ಮಾತಾಡಿಸಿ, ತಲೆ ತಗ್ಗಿಸಿಕೊಂಡು ಕೆಳಗಿಳಿದ.

"ಹೇಳಿ ಹೋಗಿದ್ರೆ ಅವರು ಮೊದಲೇ ಮಾತ್ರೆ ತಗೊಂಡಿಟ್ಕೊಳ್ತಿದ್ರು. ತಪ್ಪು ನಂದೇ."

ಅವಳು ವ್ಯಾನಿನ ಬಾಗಿಲು ಎಳೆದು ಮುಚ್ಚಿದಳು.

"ಇನ್ನು ನಿಮ್ಮ ವ್ಯಾನು ಖಾಲೀನೇ..." ಅಂದ ಮೆಲ್ಲಗೆ.

"ಇರ್ಲಿ. ಸ್ಕೂಲ್ ಮಕ್ಕಳನ್ನ ಹತ್ತಿಸ್ಕೊಳ್ತೀನಿ. ನೀವು ಇದ್ರೆ ಸಾಕು."

"ಊರಲ್ಲಾ?"

"ನನ್ನ ಜೊತೆ!" ಅಂದೇಬಿಟ್ಟಳು, ಕಣ್ಣೊರೆಸಿಕೊಳ್ಳುತ್ತಾ.

"ಇರ್ತೀನಿ. ಇನ್ಮೇಲೆ ಹಾಲು ತರೋಕೆ ಹೋದ್ರೂ ನಿಂಗೆ ಹೇಳೇ ಹೋಗ್ತೀನಿ."