ಗೋಡೆಗೆ ಮುಖ ಮಾಡಿದವಳು

ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಯಲ್ಲಿ ಯಜಮಾನಿ ಎದುರಾದರೆ ಕೆಲಸದವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅದು ನನ್ನ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಹಾಗಾಗಿ ಯಾರೂ ಉಳಿಯುತ್ತಿರಲಿಲ್ಲ. "ಇವತ್ತು ಇನ್ನೊಬ್ಳು ಬರ್ಲಿಲ್ಲ ಅಂದ್ರೆ ನಾನೂ ಹೊರಟೆ," ಎಂದು ಅಡುಗೆಯ ಟ್ರಾಂಟರಮ್ಮ ಗುಡುಗಿದ್ದಳು.

ಮಧ್ಯಾಹ್ನ ಮಹಡಿಯಲ್ಲಿ ಕೆಲಸದವರ ಬಿಳಿ ಟೊಪ್ಪಿಗೆ ತೊಟ್ಟ ಹುಡುಗಿಯೊಬ್ಬಳು ನನ್ನನ್ನು ಕಂಡದ್ದೇ ಗೋಡೆಗೆ ತಿರುಗಿದಳು. ಖುಷಿಯಿಂದ ಕೆಳಗೋಡಿದೆ.

"ಹೊಸಬಳು ಎಷ್ಟು ವಿನಯವಂತೆ, ಟ್ರಾಂಟರಮ್ಮ!"

"ಯಾವ ಹೊಸಬಳು? ಇದ್ದಿದ್ರೆ ಈ ಆಲೂಗಡ್ಡೆ ನಾನ್ಯಾಕೆ ಸುಲೀತಿದ್ದೆ, ಅಮ್ಮಾವ್ರೇ?"

ಇಬ್ಬರೂ ಮೇಲೆ ಹೋದೆವು. ಹುಡುಗಿ ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಅಲಂಕಾರದ ಕಾಗದ ಮಾತ್ರ ಮುಖದೆತ್ತರದಲ್ಲಿ ಒದ್ದೆಯಾಗಿತ್ತು, ಉಸಿರಿನಷ್ಟು ಬೆಚ್ಚಗಿತ್ತು. ಟ್ರಾಂಟರಮ್ಮ ಮುಟ್ಟಿ ನೋಡಿ, ಸೊಂಟಕ್ಕೆ ಕೈಯಿಟ್ಟು ಗೋಡೆಯನ್ನೇ ಗದರಿದಳು: "ನಿಂತಿದ್ದು ಸಾಕು, ಬಾರೇ ತಾಯಿ. ರಾಶಿ ಕೆಲಸ ಬಿದ್ದಿದೆ."

ಸಂಜೆಯೊಳಗೆ ಮನೆಯ ಅಗ್ಗಿಷ್ಟಿಕೆಗಳೆಲ್ಲ ಉರಿಯುತ್ತಿದ್ದವು. ಕಲ್ಲಿದ್ದಲು ಹೊತ್ತವರು ಯಾರೆಂದು ನಾವಿಬ್ಬರೂ ಕೇಳಲಿಲ್ಲ. ಟ್ರಾಂಟರಮ್ಮ ಮತ್ತೆ ಹೊರಡುವ ಮಾತೆತ್ತಲಿಲ್ಲ.