ಅಂಜಲಿಯ ಮೊದಲ ಕೊಳಲು

ಚಿತ್ರದುರ್ಗದಲ್ಲಿ ಬಸ್ಸಿಳಿಯುವ ಹೊತ್ತಿಗೇ ಜಯಶೀಲಾಳ ಸಿಟ್ಟು ನೆತ್ತಿಗೇರಿತ್ತು. ಹಿರಿಯೂರಿನಿಂದ ಕಿಟಕಿ ಪಕ್ಕ ಕೂತು ಬಂದರೂ ಗಾಳಿಗೆ ಅದು ಆರಿರಲಿಲ್ಲ. ಒಂದು ಕೈಯಲ್ಲಿ ಅಣ್ಣನ ಮಗಳು ಅಂಜಲಿ, ಇನ್ನೊಂದು ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕೊಳಲು. ಅವಳು ನಡೆದ ರಭಸಕ್ಕೆ ಎಂಟು ವರ್ಷದ ಮಗು ಹಿಂದೆ ಹಿಂದೆ ಓಡಬೇಕಾಯಿತು.

ತಿಮ್ಮೇಶನ ಅಂಗಡಿ ಸಂತೆಪೇಟೆಯಲ್ಲಿತ್ತು. ತಬಲಾ, ಹಾರ್ಮೋನಿಯಂ, ಕೀಬೋರ್ಡ್ ಎಲ್ಲ ತರಿಸಿ ಮಾರುತ್ತಿದ್ದ. ಕೊಳಲನ್ನು ಮಾತ್ರ ತಾನೇ ಮಾಡುತ್ತಿದ್ದ. ಅದು ಕುರಿ ಕಾಯುತ್ತಿದ್ದ ತಾತನಿಂದ ಕಲಿತ ಕೆಲಸ. ಜಯಶೀಲಾಳನ್ನು ಕಂಡದ್ದೇ ಅವನ ಮುಖ ಅರಳಿತು. ಅದನ್ನು ಕಂಡು ಇವಳಿಗೆ ಮತ್ತಷ್ಟು ಉರಿಯಿತು.

"ಬರ್ರಿ ಮೇಡಂ, ಕುಂತ್ಕಳ್ರಿ. ಟೀ ಹೇಳ್ಲಾ?"

"ಟೀ ಕುಡಿಯಾಕೆ ಬಂದಿಲ್ಲ ನಾನು." ಕೊಳಲನ್ನು ಅವನ ಮುಂದೆ ಕುಕ್ಕಿದಳು. "ಏನ್ರೀ ಇದು? ಕೊಳಲೋ, ಒನಕೆನೋ?"

ಮೂರು ವಾರದ ಹಿಂದೆ ಇದೇ ಅಂಗಡಿಯಲ್ಲಿ ಅಂಜಲಿ ಕೀಬೋರ್ಡ್ ಒತ್ತಿ, ತಬಲಾ ತಟ್ಟಿ, ಕೊನೆಗೆ ಕೊಳಲಿನ ಮುಂದೆ ನಿಂತವಳು ಕದಲಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಕೀಬೋರ್ಡೇ ಬೇಕಿತ್ತು. ಜಯಶೀಲಾ ಒಬ್ಬಳೇ ಮಗುವಿನ ಪರ ನಿಂತಿದ್ದಳು. ತಿಮ್ಮೇಶ ಮಗುವಿನ ಕೈಗಳನ್ನು ಹಾಳೆಯ ಮೇಲಿಟ್ಟು ಬೆರಳಿನ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಆ ಅಳತೆ ನೋಡಿ ಬಿದಿರು ಆರಿಸುವುದು, ಕಾದ ಸರಳಿನಲ್ಲಿ ತೂತು ಸುಡುವುದು ಅವನ ಪದ್ಧತಿ.

ಅಂಜಲಿ ಮೊದಲು ಕೈ ಕೊಡಲು ನಾಚಿದ್ದಳು. ಅವಳಿಗೆ ಧೈರ್ಯ ಬರಲೆಂದು ಇನ್ನೊಂದು ಹಾಳೆಯಲ್ಲಿ ಜಯಶೀಲಾಳ ಕೈಗಳನ್ನೂ ಬರೆದಿದ್ದ. ಆಗ ಪೆನ್ಸಿಲ್ಲು ಅವಳ ಉಂಗುರ ಬೆರಳಿನ ಹತ್ತಿರ ಅನಗತ್ಯವಾಗಿ ನಿಧಾನವಾಗಿತ್ತು. ಅವನು ತಲೆ ಎತ್ತಿ ನೋಡಿದ್ದ. ಅವಳು ನೋಡದವಳಂತೆ ನೋಡಿದ್ದಳು. ಆ ವಾರ ತಾನು ಕೆಲಸ ಮಾಡುವ ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೊಳಕೆಯೊಡೆದ ಬೀಜ ಎಣಿಸುವಾಗ ಅವಳಿಗೆ ಎರಡು ಸಲ ಎಣಿಕೆ ತಪ್ಪಿತ್ತು. ಈಗ ಅದು ನೆನಪಾಗಿ ತನ್ನ ಮೇಲೂ ಸಿಟ್ಟು ಬಂತು.

"ಮಗು ಬೆರಳು ಒಂದೂ ತೂತಿಗೆ ಎಟುಕಲ್ಲ. ಬರೀ ಗಾಳಿ ಸೋರ್ತೈತೆ. ಸಂಗೀತದ ಮೇಡಂ ಇವಳ ಕೈ ಎತ್ತಿ ಎಲ್ರಿಗೂ ತೋರ್ಸಿ, ಈ ಬೆರಳಿಗೆ ಕೊಳಲು ಆಗಿಬರಲ್ಲ ಅಂದ್ರಂತೆ. ಅವತ್ತಿಂದ ಕೈ ಬಚ್ಚಿಟ್ಕೊಂಡೇ ಓಡಾಡ್ತೈತೆ. ನೋಡ್ರಿ!"

ಅಂಜಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು.

"ಸೋಮವಾರ ಸ್ಕೂಲಲ್ಲಿ ಯಾವ ವಾದ್ಯ ಕಲೀತೈತೆ ಅಂತ ಬರ್ಸಬೇಕು. ಕೇಳಿದ್ರೆ, ಯಾವ್ದೂ ಬ್ಯಾಡ ಅತ್ತೆ, ನನ್ ಕೈ ಸರಿ ಇಲ್ಲ ಅಂತೈತೆ."

ತಿಮ್ಮೇಶನ ಮುಖ ಸಪ್ಪಗಾಯಿತು. "ಹಂಗಾಗಾಕಿಲ್ಲ ಮೇಡಂ. ಅಳತೆ ನೋಡೇ ಸುಟ್ಟೀನಿ."

"ಹಂಗಾರೆ ನಾನು ಸುಳ್ಳು ಹೇಳ್ತೀನಾ? ಹಿಂಗೆ ತಾನೆ ಹಿಡಿಯಾದು? ಹಿಂಗೆ ತಾನೆ?" ಎನ್ನುತ್ತಾ ಅವಳು ಕೊಳಲೆತ್ತಿ ತನ್ನ ಬೆರಳುಗಳನ್ನೇ ಒತ್ತಿದಳು.

ಆರು ಬೆರಳೂ ಆರು ತೂತುಗಳ ಮೇಲೆ ತಾವಾಗಿಯೇ ಕೂತಿದ್ದವು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಅವಳ ಎಡಗೈಯ ಉಂಗುರ ಬೆರಳು ಸೊಟ್ಟಗಾಗಿತ್ತು. ಆ ಬೆರಳಿನ ತೂತೂ ಅಷ್ಟೇ ಓರೆಗೆ ಸರಿದಿತ್ತು.

ತಲೆ ಎತ್ತಿದಳು. ಇದ್ದಿಲ ಒಲೆಯ ಎದುರು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಾಳೆಯಲ್ಲಿ ಇದ್ದದ್ದು ಅವಳದೇ ಕೈಗಳು. ಅಂಜಲಿಯ ಹಾಳೆ ಎಲ್ಲಿಯೂ ಕಾಣಲಿಲ್ಲ.

"ಬೇಕಂತ ಮಾಡ್ಲಿಲ್ಲ," ಎಂದ ತಿಮ್ಮೇಶ. ಅವನ ಕಿವಿ ಕೆಂಪಗಾಗಿತ್ತು. "ದಿನಾ ಅದನ್ನೇ ನೋಡ್ತಾ ಕುಂತಿರ್ತಿದ್ದೆ. ಸುಡೋವಾಗ್ಲೂ ಅದನ್ನೇ ನೋಡಿ ಸುಟ್ಟುಬಿಟ್ಟೀನಿ. ಹತ್ತು ವರ್ಷದಾಗೆ ಹಿಂಗೆ ಯಾವತ್ತೂ ತಪ್ಪಿಲ್ಲ. ನಿಮ್ಮ ಮ್ಯಾಲೆ ಮನಸಾಗೈತೆ, ಜಯಶೀಲಾ."

ಬೇರೆ ದಿನವಾಗಿದ್ದರೆ ಅವಳ ಎದೆ ಕುಣಿಯುತ್ತಿತ್ತು. ಈಗಲೂ ಕುಣಿಯಿತು, ಅದಕ್ಕೇ ಅವಳಿಗೆ ರೇಗಿ ಹೋಯಿತು.

"ನಿಮಗೆ ಮನಸಾದ್ರೆ ನಮ್ಮ ಮಗು ಅಳಬೇಕಾ? ನಾಚಿಕೆ ಆಗಲ್ವಾ ನಿಮಗೆ? ನನಗೆ ಏನೂ ಹೇಳಬ್ಯಾಡ್ರಿ. ಮೊದ್ಲು ಮಗೂಗೆ ಹೇಳ್ರಿ!"

ತಿಮ್ಮೇಶ ಗಲ್ಲಾದ ಹಿಂದಿನಿಂದ ಹೊರಗೆ ಬಂದು ಅಂಜಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಪುಟ್ಟೀ, ನಿನ್ ಕೈ ಸರಿಯಾಗೇ ಐತಮ್ಮ. ತಪ್ಪು ಮಾಡಿದ್ದು ನಾನು. ನಿನ್ ಹಾಳೆ ಬಿಟ್ಟು ಅತ್ತೆ ಹಾಳೆ ನೋಡ್ಬಿಟ್ಟೆ."

"ಯಾಕೆ?"

ಜಯಶೀಲಾ ತಟ್ಟನೆ ಕೀಬೋರ್ಡುಗಳ ಕಡೆ ತಿರುಗಿದಳು.

"ಅತ್ತೆ ಕೈ ಚೆನ್ನಾಗಿತ್ತು, ಅದಕ್ಕೆ."

"ಸೊಟ್ಟ ಬೆರಳೂನಾ?"

"ಅದೇ ಎಲ್ಲಕ್ಕಿಂತ ಚೆನ್ನಾಗೈತೆ."

ಕೀಬೋರ್ಡಿನ ಕಡೆ ತಿರುಗಿದ್ದವಳ ಕತ್ತು ಬೆಚ್ಚಗಾಯಿತು. "ಮಾತು ಸಾಕು, ಕೆಲ್ಸ ಮಾಡ್ರಿ," ಎಂದು ಗದರಿದಳು.

ಅವನು ಡ್ರಾಯರಿನಿಂದ ಅಂಜಲಿಯ ಹಾಳೆ ತೆಗೆದ, ಸಣ್ಣ ಬಿದಿರು ಹುಡುಕಿ ಇದ್ದಿಲು ಊದಿದ. ಕೂರಿ ಎಂದು ಸ್ಟೂಲು ಕೊಟ್ಟರೂ ಜಯಶೀಲಾ ಕೂರಲಿಲ್ಲ. ಪೊಲೀಸಿನವಳ ಹಾಗೆ ಕೈಕಟ್ಟಿ ನಿಂತು, ಸರಳು ಇಳಿಯುವ ಮುಂಚೆ ಒಂದೊಂದು ಗುರುತಿಗೂ ಮಗುವಿನ ಬೆರಳು ಇಡಿಸಿದಳು. ಮೂರನೆಯ ತೂತಿನ ಹೊತ್ತಿಗೆ ಅಂಜಲಿ ತಾನಾಗಿಯೇ ಕೈ ಚಾಚತೊಡಗಿದಳು.

ಮೊದಲ ಸಲ ಊದಿದಾಗ ಬರೀ ಉಸಿರು ಬಂತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ತೆಳ್ಳಗೆ, ನಡುಗುತ್ತಾ ಒಂದು ಸ್ವರ ಹೊರಟು ನಿಂತಿತು. ಅಂಜಲಿ ಕೊಳಲು ಇಳಿಸಿ ತನ್ನ ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು.

"ಅತ್ತೆ, ಸೋಮವಾರ ಕೊಳಲು ಅಂತಾನೇ ಬರ್ಸು."

ಜಯಶೀಲಾಳ ಕಣ್ಣು ತುಂಬಿತು. ಅದನ್ನು ತಿಮ್ಮೇಶ ನೋಡಿಬಿಟ್ಟ ಎಂದು ಹುಬ್ಬು ಗಂಟಿಕ್ಕಿದಳು.

"ನಾಳೆ ಭಾನುವಾರ. ಅಂಗಡಿ ಮುಚ್ಚಿ ಹಿರಿಯೂರಿಗೆ ಬರ್ರಿ. ನನಗೆ ಹೇಳಿದ್ದನ್ನ ನಮ್ಮಮ್ಮನ ಎದುರಿಗೆ ಕುಂತು ಹೇಳ್ರಿ."

ಅವನಿಗೆ ನಂಬಿಕೆಯೇ ಆಗಲಿಲ್ಲ. "ಹಂಗಾರೆ ಸಿಟ್ಟು ಹೋಯ್ತಾ?"

"ಎಲ್ಲಿ ಹೋಗ್ತೈತೆ? ಇದು ಒಂದೆರಡು ದಿನಕ್ಕೆ ಹೋಗೋ ಸಿಟ್ಟಲ್ಲ," ಎಂದಳು ಜಯಶೀಲಾ, ಮಗುವಿನ ಕೈ ಹಿಡಿದು ಮೆಟ್ಟಿಲಿಳಿಯುತ್ತಾ. "ವರ್ಷಾನುಗಟ್ಲೆ ಬೈಬೇಕು ನಿಮ್ಮನ್ನ. ಅದಕ್ಕೇ ಮನೆಗೆ ಬಂದು ಕೇಳ್ರಿ ಅಂದಿದ್ದು."