ರೋಗಾಣುಗಳಿಗೆ ಹಾಕಿದ ಊಟ

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆ ತೆರೆದಾಗ ಗಾಜಿನ ಬುಡ್ಡಿಗಳು ಎಂದಿನಂತೆ ಸಾಲಾಗಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರಲ್ಲೂ ಜೀವವಿಲ್ಲ.

ಸತ್ತದ್ದು ಮಲೇರಿಯಾ ರೋಗಾಣುಗಳು. ಸತ್ತರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದಳು ತನಿಖೆಗೆ ಬಂದ ಪೊಲೀಸ್ ಇನ್ಸ್‌ಪೆಕ್ಟರಮ್ಮ. ಹಾಗಲ್ಲವೆಂದು ಅಲ್ಲಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಇವು ಯಾವ ಹಳೆಯ ಮಾತ್ರೆಗೂ ಜಗ್ಗದ ಜಾತಿ. ಬಡಗಿಯೊಬ್ಬನ ಮಗಳು ಜ್ವರದಿಂದ ತೀರಿಕೊಂಡಾಗ ಅವಳ ರಕ್ತದಿಂದ ತೆಗೆದು ಬೆಳೆಸಿದ್ದು. ಹೊಸ ಮದ್ದನ್ನು ಇವುಗಳ ಮೇಲೇ ಪರೀಕ್ಷಿಸಬೇಕಿತ್ತು. ಬೇರೆಲ್ಲೂ ಒಂದು ತೊಟ್ಟು ಉಳಿದಿಲ್ಲ.

ಪರೀಕ್ಷೆ ಮಾಡಿಸಿದಾಗ ಬುಡ್ಡಿಗಳಲ್ಲಿ ಆ ಹೊಸ ಮದ್ದೇ ಸಿಕ್ಕಿತು. ಕಪಾಟಿನಲ್ಲಿ ಅದರ ಪುಡಿ ಕಡಿಮೆಯಾಗಿತ್ತು. ಬೀಗದ ಕೈ ಇದ್ದದ್ದು ಸಹಾಯಕನ ಹತ್ತಿರ. ಅವನು ಡಾಕ್ಟರ ಹೆಂಡತಿಯ ತಮ್ಮ. ಬೇರೆ ಮದ್ದಿನ ಕಂಪನಿಯವರು ಅವನನ್ನು ಕೆಲಸಕ್ಕೆ ಕರೆಯುತ್ತಿದ್ದರೆಂದೂ ತಿಳಿಯಿತು. ಇಷ್ಟು ಸಾಕೆನಿಸಿ ಇನ್ಸ್‌ಪೆಕ್ಟರಮ್ಮ ಅವನನ್ನು ಹಿಡಿದು ಒಳಗೆ ಹಾಕಿದಳು.

“ಪುಡಿ ತಗೊಂಡಿದ್ದು ನಾನೇ. ಬುಡ್ಡಿಗೆ ಹಾಕಿದ್ದು ನಾನಲ್ಲ,” ಎಂದ. ಮತ್ತೆ ಯಾಕೆ ತೆಗೆದುಕೊಂಡೆ ಎಂದರೆ ಬಾಯಿಗೆ ಬೀಗ.

* * *

ಸಂಜೆ ದೊಡ್ಡ ಡಾಕ್ಟರು ಠಾಣೆಗೆ ಬಂದರು. ಮೈದುನನಿಗೆ ಬಟ್ಟೆಬರೆ ತಂದಿದ್ದರು. ಅಕ್ಕನಿಗೆ ತಿಳಿಸಬೇಡಿ ಭಾವ ಎಂದು ಅವನು ಬೇಡಿಕೊಂಡ. ಅವರು ತಲೆಯಾಡಿಸಿದರು, ಅವನ ಮುಖ ಮಾತ್ರ ನೋಡಲಿಲ್ಲ.

ಇನ್ಸ್‌ಪೆಕ್ಟರಮ್ಮನ ತಲೆಗೆ ಹುಳ ಹೊಕ್ಕಿತು. ಡಾಕ್ಟರು ಆಯಸ್ಸೆಲ್ಲ ಸವೆಸಿದ ಕೆಲಸವನ್ನು ಹಾಳುಮಾಡಿದವನು ಎದುರಿಗಿದ್ದಾನೆ. ಯಾಕೋ ಹೀಗೆ ಮಾಡಿದೆ ಎಂದು ಒಂದು ಮಾತು ಕೇಳುವುದು ಬೇಡವೇ?

* * *

ಬುಡ್ಡಿಗಳನ್ನು ಎರಡನೆಯ ಸಲ ಪರೀಕ್ಷೆಗೆ ಕಳಿಸಿದಳು. ಉತ್ತರ ವಿಚಿತ್ರವಾಗಿತ್ತು. ಅದರಲ್ಲಿದ್ದದ್ದು ಕಪಾಟಿನ ಪುಡಿಯಲ್ಲ. ಮನುಷ್ಯನ ಹೊಟ್ಟೆಗೆ ಹೋಗಿ, ಪಿತ್ತಜನಕಾಂಗದಲ್ಲಿ ಅರಗಿ ರೂಪ ಬದಲಿಸಿದ ಮದ್ದು.

ಮನುಷ್ಯರ ಮೈಯೊಳಗಿನದು ಬುಡ್ಡಿಗೆ ಹೇಗೆ ಬರುತ್ತದೆ ಎಂದು ಪ್ರಯೋಗಾಲಯದ ನರ್ಸನ್ನು ಕೇಳಿದಳು. ನರ್ಸ್ ನಕ್ಕುಬಿಟ್ಟಳು.

“ಅವು ತಿನ್ನೋದೇ ನಮ್ಮ ರಕ್ತಾನ ಮೇಡಂ. ಇಲ್ಲಿರೋರೆಲ್ಲ ಸರದಿ ಮೇಲೆ ಕೊಡ್ತೀವಿ. ಮನೇಲಿ ಗಂಡ, ಇಲ್ಲಿ ಇವು.”

“ಹೋದ ವಾರ ಕೊಟ್ಟಿದ್ದು?”

“ದೊಡ್ಡ ಡಾಕ್ಟರು.”

“ಏನಾದ್ರೂ ಮದ್ದು ತಗೊಂಡಿದೀರಾ ಅಂತ ಕೇಳಲ್ವಾ?”

ನರ್ಸಿನ ನಗು ಇಂಗಿತು. “ಎಲ್ರನ್ನೂ ಕೇಳ್ತೀನಿ. ಆದ್ರೆ... ಕೇಳಲೇಬೇಕು ಅಂತ ಕಟ್ಟುನಿಟ್ಟು ಮಾಡಿದೋರೇ ಅವರು. ಅವರನ್ನೇ ಹ್ಯಾಗೆ ಕೇಳೋದು?”

* * *

ಡಾಕ್ಟರ ಕೋಣೆಯಲ್ಲಿ ಇನ್ಸ್‌ಪೆಕ್ಟರಮ್ಮ ಒಂದೊಂದೇ ಎಳೆ ಬಿಡಿಸಿಟ್ಟಳು. ಮದ್ದು ನುಂಗಿದವರು ರಕ್ತ ಕೊಟ್ಟಿದ್ದಾರೆ. ಆ ರಕ್ತ ತಿಂದು ರೋಗಾಣುಗಳು ಸತ್ತಿವೆ. ಇನ್ನೂ ಮನುಷ್ಯರಿಗೆ ಕೊಡದ ಮದ್ದನ್ನು ಯಾರಾದರೂ ನುಂಗುತ್ತಾರೆಂದರೆ, ಬೇರೆ ದಾರಿಯೇ ಇರಲಿಲ್ಲ ಎಂದರ್ಥ.

ಡಾಕ್ಟರು ಅಲ್ಲಗಳೆಯಲಿಲ್ಲ. ಕೈಗವಸಿಲ್ಲದೆ ಕೆಲಸ ಮಾಡುವಾಗ ಈ ರೋಗಾಣುಗಳಿದ್ದ ಸೂಜಿ ಚುಚ್ಚಿತ್ತು. ಇತರರಿಗೆ ನಿಯಮ ಹೇಳುವ ತಾನೇ ಮುರಿದೆನಲ್ಲ ಎಂದು ಮುಚ್ಚಿಟ್ಟರು. ಚಳಿಜ್ವರ ಏರಿತು. ಹಳೆಯ ಮಾತ್ರೆ ನಾಟದು. ಮೈದುನ ಕಪಾಟು ತೆರೆದು ಪುಡಿ ಕೊಟ್ಟ. ಜ್ವರ ಇಳಿಯಿತು.

“ಸರದಿ ಬಂತು. ತಪ್ಪಿಸಿದ್ರೆ ಯಾಕೆ ಅಂತ ಕೇಳ್ತಿದ್ರು. ಮದ್ದು ಅಷ್ಟೊತ್ತಿಗೆ ಮೈಬಿಟ್ಟಿರುತ್ತೆ ಅಂದ್ಕೊಂಡೆ. ಬುಡ್ಡೀಲಿ ಸಿಕ್ಕಿದ್ದು ಏನು ಅಂತ ಗೊತ್ತಾದಾಗಲೇ ಎಲ್ಲ ಅರ್ಥವಾಯ್ತು. ಆದ್ರೂ ಅವನನ್ನ ಒಳಗೆ ಕೂರಿಸಿದೆ.”

“ಕೂರಿಸಿದ್ದು ನಾನು,” ಎಂದಳು ಇನ್ಸ್‌ಪೆಕ್ಟರಮ್ಮ.

* * *

ಲಾಕಪ್ಪಿನ ಬಾಗಿಲನ್ನು ಆಕೆ ತಾನೇ ತೆರೆದು ಕ್ಷಮೆ ಕೇಳಿದಳು. ಮೈದುನನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಅವನ ಕಣ್ಣು ಆಕೆಯ ಹಿಂದೆ ನಿಂತಿದ್ದ ಭಾವನ ಮೇಲಿತ್ತು. ರಕ್ತ ಕೊಟ್ಟದ್ದನ್ನು ಭಾವ ತಡವರಿಸುತ್ತ ಹೇಳಿದರು. ಅವನು ಬೈಯಲಿಲ್ಲ.

“ಭಾವ, ಜ್ವರ ಮತ್ತೆ ಬಂತಾ?”

“ಇಲ್ಲ ಕಣೋ.”

ಅವನ ಮುಖ ಅರಳಿತು. “ಹಾಗಾದ್ರೆ ಮದ್ದು ಕೆಲಸ ಮಾಡುತ್ತೆ.”

“ಮಾಡುತ್ತೆ,” ಎಂದರು ಡಾಕ್ಟರು. “ತೋರಿಸೋಕೆ ಒಂದು ರೋಗಾಣುವನ್ನೂ ನಾನು ಉಳಿಸಲಿಲ್ಲ. ನಮ್ಮಿಬ್ಬರ ಬಾಯಿಮಾತನ್ನ ಇನ್ನು ಯಾರು ನಂಬ್ತಾರೆ?”